ಮಳೆ ಲೆಕ್ಕದ ಕಡತವನ್ನು ಕಂಪ್ಯೂಟರಿನ ಹಾಳೆಗೆ ತರುವ ಕ್ರಮ

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿಗೆ ಸೇರಿದ ಬುಕ್ಕಾಪಟ್ಟಣ ಹೋಬಳಿಯ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿರುವಂಥದು. ಈ ಸೀಮೆ ಕರ್ನಾಟಕದ ಮಧ್ಯ ಒಣ ವಲಯದಲ್ಲಿದೆ. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450ರಿಂದ 720 ಮಿಲಿಮೀಟರು ಮಾತ್ರ. ಇಲ್ಲಿನ ಕೆಂಪು ಮಣ್ಣಿನ ಹೊಲಗಳಲ್ಲಿ ನೆಲಗಡಲೆ, ರಾಗಿ, ತೊಗರಿ, ಹುರುಳಿ ಬೆಳೆಯುವ ರೈತನಿಗೆ ವರ್ಷದ ಒಟ್ಟು ಮಳೆಗಿಂತ ಅದು ಯಾವ ದಿನ ಎಷ್ಟು ಬಿತ್ತು, ಎಷ್ಟು ದಿನ ಬಿಡುವು ಕೊಟ್ಟಿತು ಎಂಬುದೇ ಮುಖ್ಯ. ಹೂವಾಡಿ ಕಾಯಿ ಕಟ್ಟುವ ಹೊತ್ತಿನಲ್ಲಿ ಮೂರು ವಾರ ಮೋಡ ಮುನಿಸಿಕೊಂಡರೆ ನೆಲಗಡಲೆಯ ಗತಿ ಏನಾಗುವುದೆಂಬುದನ್ನು ಈ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹಿಂದೆ ಮಳೆ ಲೆಕ್ಕವನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು, ಹಿಂದಿನ 24 ಗಂಟೆಗಳ ಮಳೆಯೆಂದು ನಮೂದಿಸುವುದು ಭಾರತ ಹವಾಮಾನ ಇಲಾಖೆಯ ಪದ್ಧತಿ. 1988ರಲ್ಲಿ ರಾಜ್ಯದಲ್ಲಿ ಬರ ನಿಗಾ ಘಟಕ ಸ್ಥಾಪನೆಯಾಯಿತು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ಅಳವಡಿಸಿತು. ಇವು ಪ್ರತಿ 15 ನಿಮಿಷಕ್ಕೊಮ್ಮೆ ಮಳೆಯನ್ನು ದಾಖಲಿಸುತ್ತವೆ. ಹೀಗೆ ದಾಖಲಾದ ಅಂಕಿಗಳು ಒಂದು ಕಡೆಯಿಂದ ಮತ್ತೊಂದು ಕಡೆಗೆ ಸಾಗುವಾಗ ಸಾಮಾನ್ಯವಾಗಿ ಪಠ್ಯ ಕಡತದ ರೂಪದಲ್ಲಿ ಸಾಗುತ್ತವೆ. ರೈತ ಉತ್ಪಾದಕರ ಕಂಪನಿಗಳಲ್ಲಿ, ರೈತ ಸಂಪರ್ಕ ಕೇಂದ್ರಗಳಲ್ಲಿ, ಸ್ವಂತ ಹವಾಮಾಪಕ ಇಟ್ಟುಕೊಂಡ ತೋಟಗಳಲ್ಲಿ ಈ ಕಡತವನ್ನು ಕಂಪ್ಯೂಟರಿನ ಲೆಕ್ಕದ ಹಾಳೆಗೆ, ಅಂದರೆ ಸ್ಪ್ರೆಡ್‌ಶೀಟಿಗೆ, ತಂದುಕೊಂಡು ಮೊತ್ತ, ಸರಾಸರಿ ತೆಗೆಯುತ್ತಾರೆ. ಅಂಕಿ ಕೆಡುವುದು ಈ ತಂದುಕೊಳ್ಳುವ ಹೊತ್ತಿನಲ್ಲಿಯೇ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಜುಲೈ ತಿಂಗಳ ಸಭೆಯೊಂದರಲ್ಲಿ ಮಳೆ ಪಟ್ಟಿಯನ್ನು ಓದಲಾಗುತ್ತಿದೆ. ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯ ರೈತರೊಬ್ಬರು ಎದ್ದು, “ಪುನರ್ವಸು ಹುಟ್ಟಿದ ದಿನವೇ ನಮ್ಮ ಹೊಲ ಹದವಾಯ್ತಲ್ಲ ಸಾರ್, ನಿಮ್ಮ ಪಟ್ಟೀಲಿ ಅವತ್ತು ಸೊನ್ನೆ ಐತಲ್ಲ?” ಎಂದು ಕೇಳುತ್ತಾರೆ. ಮಳೆಮಾಪಕ ಸರಿಯಾಗಿಯೇ ಅಳೆದಿದೆ, ಕಡತದಲ್ಲಿಯೂ ಅಂಕಿ ಸರಿಯಾಗಿದೆ. ಆದರೆ 06-07-2025 ಎಂಬುದನ್ನು ಹಾಳೆಯು ಜುಲೈ 6 ಎಂದು ಓದದೆ ಜೂನ್ 7 ಎಂದು ಓದಿದೆ. ಪುನರ್ವಸುವಿನ ಮೊದಲ ಮಳೆ ರೋಹಿಣಿಯ ಕೊನೆಯ ದಿನಕ್ಕೆ ಹೋಗಿ ಸೇರಿದೆ. ಈ ಪಟ್ಟಿಯನ್ನು ನೋಡಿ ಬಿತ್ತನೆಯ ಸಲಹೆ ಕೊಟ್ಟರೆ, ಹದ ಆರಿದ ಮೇಲೆ ಬೀಜ ಬಿತ್ತಬೇಕಾದೀತು.

ಪಠ್ಯ ಕಡತ ಎಂದರೇನು?

ಪಠ್ಯ ಕಡತದಲ್ಲಿ ಗೆರೆಗಳಿಲ್ಲ, ಚೌಕಗಳಿಲ್ಲ, ಬಣ್ಣವಿಲ್ಲ. ಬರೀ ಅಕ್ಷರ ಮತ್ತು ಅಂಕಿಗಳ ಸಾಲುಗಳು. ಒಂದು ಸಾಲಿನೊಳಗೆ ತಾರೀಖು ಎಲ್ಲಿ ಮುಗಿಯಿತು, ಊರಿನ ಹೆಸರು ಎಲ್ಲಿ ಮೊದಲಾಯಿತು ಎಂದು ತಿಳಿಸಲು ನಡುವೆ ಒಂದು ಗುರುತು ಇರುತ್ತದೆ. ಹೊಲ ಹೊಲಗಳ ನಡುವೆ ಬದು ಇದ್ದ ಹಾಗೆ ಇದು. ಬಹುತೇಕ ಕಡತಗಳಲ್ಲಿ ಈ ಬದು ಅಲ್ಪವಿರಾಮ. ಅಂತಹ ಕಡತವನ್ನು ಸಿಎಸ್‌ವಿ ಎಂದು ಕರೆಯುತ್ತಾರೆ. ಕೆಲವದರಲ್ಲಿ ಟ್ಯಾಬ್, ಅರ್ಧವಿರಾಮ ಅಥವಾ ನಿಂತ ಗೆರೆ ಇರುವುದೂ ಉಂಟು. ಮಾದರಿಗಾಗಿ ನಾಲ್ಕು ಸಾಲುಗಳನ್ನು ಕೆಳಗೆ ಕೊಟ್ಟಿದೆ. ಇಲ್ಲಿನ ಅಂಕಿಗಳು ಪಾಠಕ್ಕಾಗಿ ಬರೆದವು, ನಿಜವಾದ ಮಳೆಯವಲ್ಲ.

ತಾರೀಖು,ಸ್ಥಳ,ಸಂಕೇತ,ಮಳೆ
05-07-2025,"ಬುಕ್ಕಾಪಟ್ಟಣ, ಶಿರಾ",0412,0
06-07-2025,"ಬುಕ್ಕಾಪಟ್ಟಣ, ಶಿರಾ",0412,24.5
07-07-2025,"ಬುಕ್ಕಾಪಟ್ಟಣ, ಶಿರಾ",0412,-999

ಎರಡನೆಯ ಸಾಲಿನಿಂದ ಸ್ಥಳದ ಹೆಸರಿನೊಳಗೇ ಒಂದು ಅಲ್ಪವಿರಾಮ ಇರುವುದನ್ನು ಗಮನಿಸಬೇಕು. ಅದು ಬದುವಲ್ಲವೆಂದು ತಿಳಿಸಲು ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಲಾಗಿದೆ. ಈ ಚಿಹ್ನೆ ಬಿಟ್ಟುಹೋದರೆ ಆ ಸಾಲಿನ ಅಂಕಿಗಳೆಲ್ಲ ಒಂದು ಮನೆ ಬಲಕ್ಕೆ ಸರಿಯುತ್ತವೆ. ಮಳೆಯ ಕಾಲಮ್ಮಿನಲ್ಲಿ ಸಂಕೇತ ಬಂದು ಕೂರುತ್ತದೆ. 412 ಮಿಲಿಮೀಟರು ಮಳೆ ಒಂದೇ ದಿನ ಬುಕ್ಕಾಪಟ್ಟಣದಲ್ಲಿ ಬಿತ್ತೆಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪುಗಳು ಬೇರೆ ಇವೆ.

ಹಾಳೆ ತಾನೇ ಮಾಡುವ ಊಹೆಗಳು

ಕಡತದ ಚಿತ್ರದ ಮೇಲೆ ಎರಡು ಸಲ ಒತ್ತಿದ ಕೂಡಲೇ ಅದು ಎಕ್ಸೆಲ್‌ನಲ್ಲಿ ತೆರೆದುಕೊಳ್ಳುತ್ತದೆ. ಕೆಲಸ ಸುಲಭವಾಯಿತೆಂದು ತೋರುತ್ತದೆ. ಆದರೆ ಆ ಕ್ಷಣದಲ್ಲಿ ಎಕ್ಸೆಲ್ ಪ್ರತಿಯೊಂದು ಮನೆಯನ್ನೂ ನೋಡಿ, ಇದು ಸಂಖ್ಯೆಯೋ, ತಾರೀಖೋ, ಬರಿಯ ಬರಹವೋ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿರುತ್ತದೆ.

ತಾರೀಖಿನ ವಿಷಯ ಮೇಲೆ ಹೇಳಿದೆ. ಕಂಪ್ಯೂಟರನ್ನು ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ಹೊಸದಾಗಿ ತಂದ ಅನೇಕ ಕಂಪ್ಯೂಟರುಗಳು ಹಾಗೆಯೇ ಇರುತ್ತವೆ. ಆಗ ಪ್ರತಿ ತಿಂಗಳ 1ರಿಂದ 12ರವರೆಗಿನ ತಾರೀಖುಗಳು ದಿನ-ತಿಂಗಳು ಅದಲುಬದಲಾಗುತ್ತವೆ. 13ರಿಂದ ಮುಂದಿನವು, ಹದಿಮೂರನೆಯ ತಿಂಗಳು ಇಲ್ಲದ ಕಾರಣ, ತಾರೀಖಾಗದೆ ಬರಹವಾಗಿಯೇ ಉಳಿಯುತ್ತವೆ. ಅರ್ಧ ಕಾಲಮ್ಮು ಬಲಕ್ಕೆ, ಇನ್ನರ್ಧ ಎಡಕ್ಕೆ ಅಂಟಿಕೊಂಡಿದ್ದರೆ ಇದೇ ರೋಗವೆಂದು ತಿಳಿಯಬೇಕು: ತಾರೀಖು ಮತ್ತು ಸಂಖ್ಯೆಗಳು ಮನೆಯ ಬಲಕ್ಕೂ ಬರಹವು ಎಡಕ್ಕೂ ನಿಲ್ಲುವುದು ಹಾಳೆಯ ಸ್ವಭಾವ.

ಸಂಕೇತದ ಮುಂದಿನ ಸೊನ್ನೆಯೂ ಹೋಗುತ್ತದೆ. 0412 ಎಂಬುದು 412 ಆಗುತ್ತದೆ. ಬೇರೊಂದು ಪಟ್ಟಿಯ 0412ರ ಜೊತೆ ಹೊಂದಿಸಿ ನೋಡುವಾಗ ಎರಡೂ ಒಂದೇ ಊರೆಂದು ಹಾಳೆಗೆ ತಿಳಿಯುವುದಿಲ್ಲ.

ಇನ್ನು ಸರ್ವೆ ನಂಬರು. ಬೆಳೆ ವಿಮೆಗೋ ಬೀಜದ ಸಹಾಯಧನಕ್ಕೋ ರೈತರ ಪಟ್ಟಿ ತಯಾರಿಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಪಹಣಿಯಲ್ಲಿ 12/3 ಎಂದಿರುವುದು ಹಾಳೆಗೆ ಬಂದಾಗ 12ನೇ ಮಾರ್ಚ್ ಆಗುತ್ತದೆ. 12/75 ಎಂದಿದ್ದರೆ 1975ನೇ ಇಸವಿಯ ಡಿಸೆಂಬರ್ ಆಗುತ್ತದೆ. ಆದರೆ 112/3 ಹಾಗೆಯೇ ಉಳಿಯುತ್ತದೆ, ಏಕೆಂದರೆ 112ನೇ ತಾರೀಖು ಎಂಬುದು ಇಲ್ಲ. ಹೀಗಾಗಿ ಒಂದೇ ಪಟ್ಟಿಯಲ್ಲಿ ಕೆಲವರ ಜಮೀನು ಸರಿಯಾಗಿದ್ದು, ಕೆಲವರದು ತಾರೀಖಾಗಿರುತ್ತದೆ. ಮೇಲ್ಗಡೆಯ ಹತ್ತು ಸಾಲು ನೋಡಿ ಸರಿಯಿದೆ ಎಂದು ಬಿಟ್ಟವರಿಗೆ ಕೆಳಗಿನ ನೂರನೆಯ ಸಾಲಿನಲ್ಲಿ ಏನಾಗಿದೆಯೆಂದು ಗೊತ್ತಾಗದು. ತಪ್ಪು ಕಂಡ ಮೇಲೆ ಆ ಮನೆಯನ್ನು ಬರಹವೆಂದು ಬದಲಾಯಿಸಹೊರಟರೆ 12/3 ಮರಳಿ ಬರುವುದಿಲ್ಲ; 45728 ಎಂಬ ಅರ್ಥವಿಲ್ಲದ ಸಂಖ್ಯೆ ಕಾಣಿಸುತ್ತದೆ. ಅದು 2025ರ ಮಾರ್ಚ್ 12, 1900ನೇ ಇಸವಿಯ ಆರಂಭದಿಂದ ಎಣಿಸಿದ ದಿನಗಳ ಲೆಕ್ಕದಲ್ಲಿ. ಎಕ್ಸೆಲ್ ತಾರೀಖುಗಳನ್ನು ಒಳಗೆ ಹೀಗೆಯೇ ಇಟ್ಟುಕೊಳ್ಳುತ್ತದೆ.

ಬ್ಯಾಂಕ್ ಖಾತೆಯ ಸಂಖ್ಯೆಗೂ ಇದೇ ಪಾಡು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಹಿಡಿದಿಡಬಲ್ಲದು. ಖಾತೆ ಸಂಖ್ಯೆ 16 ಅಥವಾ 17 ಅಂಕಿಯದಾದರೆ ಕೊನೆಯವು ಸೊನ್ನೆಗಳಾಗುತ್ತವೆ. ರೈತನಿಗೆ ಸೇರಬೇಕಾದ ಹಣ ಹಿಂದಿರುಗಿ ಹೋಗಲು ಇಷ್ಟು ಸಾಕು.

ಇದು ಹಳ್ಳಿಯ ಕಚೇರಿಗಳ ಅಜ್ಞಾನದಿಂದ ಆಗುವ ತಪ್ಪೆಂದು ಯಾರೂ ಭಾವಿಸಬೇಕಾಗಿಲ್ಲ. ಮನುಷ್ಯನ ವಂಶವಾಹಿಗಳಲ್ಲಿ ಕೆಲವಕ್ಕೆ ವಿಜ್ಞಾನಿಗಳು ಮಾರ್ಚ್1, ಸೆಪ್ಟ್1 ಎಂಬಂತಹ ಹೆಸರುಗಳನ್ನಿಟ್ಟಿದ್ದರು. ಎಕ್ಸೆಲ್ ಅವನ್ನೆಲ್ಲ ತಾರೀಖುಗಳನ್ನಾಗಿ ಮಾಡಿ ಎಷ್ಟೋ ಸಂಶೋಧನಾ ಪಟ್ಟಿಗಳನ್ನು ಕೆಡಿಸಿತು. ಕೊನೆಗೆ 2020ರಲ್ಲಿ ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಬೇಕಾಯಿತು. ವಿಜ್ಞಾನಿಗಳು ಹೆಸರು ಬದಲಾಯಿಸಿಕೊಂಡಾರು, ರೈತ ತನ್ನ ಸರ್ವೆ ನಂಬರನ್ನು ಬದಲಾಯಿಸಿಕೊಳ್ಳಲಾರ! ಇಂತಹ ತಾನೇತಾನಾದ ಪರಿವರ್ತನೆಯನ್ನು ನಿಲ್ಲಿಸುವ ಸೌಲಭ್ಯವನ್ನು 2023ರಲ್ಲಿ ಎಕ್ಸೆಲ್‌ಗೆ ಸೇರಿಸಲಾಗಿದೆ. ಆದರೆ ಹಳೆಯ ಆವೃತ್ತಿಗಳಲ್ಲಿ ಅದು ಇಲ್ಲ.

ಕನ್ನಡ ಅಕ್ಷರಗಳ ತೊಂದರೆ ಬೇರೆ ಬಗೆಯದು. ಈಗಿನ ಪಠ್ಯ ಕಡತಗಳಲ್ಲಿ ಕನ್ನಡವು ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿರುತ್ತದೆ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು. ಹಾಳೆಯು ಇದನ್ನು ಅರಿಯದೆ ಒಂದೊಂದು ಬೈಟನ್ನೂ ಒಂದೊಂದು ರೋಮನ್ ಅಕ್ಷರವೆಂದು ಓದಿದರೆ, ಬುಕ್ಕಾಪಟ್ಟಣದ ಜಾಗದಲ್ಲಿ ತಲೆಯ ಮೇಲೆ ಗೆರೆಯಿರುವ ವಿಚಿತ್ರ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿಲ್ಲ, ಓದಿದ ರೀತಿ ತಪ್ಪಾಗಿದೆ ಅಷ್ಟೆ. ಹಳೆಯ ನುಡಿ ಲಿಪಿಯಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳಾದರೆ ಮಾತ್ರ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಮಳೆಯಿಲ್ಲ ಎಂಬುದೂ ಲೆಕ್ಕವಿಲ್ಲ ಎಂಬುದೂ ಒಂದಲ್ಲ

ಮಾದರಿಯ ಕೊನೆಯ ಸಾಲಿನಲ್ಲಿ ಮಳೆಯ ಜಾಗದಲ್ಲಿ -999 ಎಂದಿದೆ. ಆ ದಿನದ ಲೆಕ್ಕ ಸಿಕ್ಕಿಲ್ಲ ಎಂಬುದಕ್ಕೆ ಇದು ಗುರುತು. ಭಾರತ ಹವಾಮಾನ ಇಲಾಖೆಯ ಕೆಲವು ಮಳೆ ಕಡತಗಳಲ್ಲಿಯೂ ಇದೇ ಗುರುತು ಬಳಕೆಯಲ್ಲಿದೆ. ಯಂತ್ರ ಕೆಟ್ಟಿರಬಹುದು, ಆಲಿಕೆಯಲ್ಲಿ ಎಲೆ ಬಿದ್ದು ಕಟ್ಟಿಕೊಂಡಿರಬಹುದು, ಮೊಬೈಲ್ ಸಂಪರ್ಕ ತಪ್ಪಿರಬಹುದು. ಇದನ್ನು ಹಾಗೆಯೇ ಬಿಟ್ಟು ತಿಂಗಳ ಮೊತ್ತ ತೆಗೆದರೆ, 62.5 ಮಿಲಿಮೀಟರು ಬರಬೇಕಾದಲ್ಲಿ -936.5 ಬರುತ್ತದೆ. ಇದು ತಪ್ಪೆಂದು ಮಗುವಿಗೂ ತಿಳಿದೀತು. ಅದನ್ನು ಸರಿಪಡಿಸುವ ಅವಸರದಲ್ಲಿ -999ನ್ನು ಅಳಿಸಿ ಸೊನ್ನೆ ಬರೆಯುವುದೇ ನಿಜವಾದ ಅಪಾಯ. ಆಗ ಪಟ್ಟಿ ನೋಡಲು ಚೊಕ್ಕಟವಾಗುತ್ತದೆ, ತಪ್ಪು ಶಾಶ್ವತವಾಗುತ್ತದೆ.

ಒಂದು ಹೋಬಳಿಯಲ್ಲಿ ಹತ್ತು ಮಳೆಮಾಪಕಗಳಿದ್ದು ಒಂಬತ್ತರಲ್ಲಿ ತಲಾ 20 ಮಿಲಿಮೀಟರು ದಾಖಲಾಗಿ, ಹತ್ತನೆಯದು ಕೆಟ್ಟಿತ್ತೆನ್ನೋಣ. ಸರಿಯಾದ ಸರಾಸರಿ 20. ಕೆಟ್ಟದ್ದಕ್ಕೆ ಸೊನ್ನೆ ಹಾಕಿದರೆ 18. ವ್ಯತ್ಯಾಸ ಚಿಕ್ಕದಾಗಿ ಕಾಣಬಹುದು. ಆದರೆ ಆ ಹತ್ತನೆಯ ಊರಿನ ಲೆಕ್ಕವನ್ನೇ ಪ್ರತ್ಯೇಕವಾಗಿ ತೆಗೆದಾಗ, ಯಂತ್ರ ಕೆಟ್ಟಿದ್ದ ಎರಡು ವಾರ ಅಲ್ಲಿ ಹನಿ ಮಳೆಯೂ ಇರಲಿಲ್ಲವೆಂದು ದಾಖಲೆ ಹೇಳುತ್ತದೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ವಾರಗಟ್ಟಲೆ ಮಳೆ ಕೊರತೆಯ ಒಣ ಅವಧಿಯೂ ಬರವನ್ನು ಗುರುತಿಸುವ ಅಂಶಗಳಲ್ಲೊಂದು. ಕರ್ನಾಟಕದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ 2023ರಂತಹ ವರ್ಷದಲ್ಲಿ ಒಂದೊಂದು ವಾರದ ಲೆಕ್ಕಕ್ಕೂ ಬೆಲೆಯಿದೆ. ಇದಕ್ಕೆ ವಿರುದ್ಧವಾದುದೂ ಆಗಬಹುದು: ಲೆಕ್ಕವಿಲ್ಲದ ದಿನಗಳನ್ನು ಪಕ್ಕದ ಊರಿನ ಮಳೆಯಿಂದ ತುಂಬಿಸಿ ಬರೆದರೆ, ನಿಜವಾಗಿ ಒಣಗಿದ ಊರು ಕಾಗದದ ಮೇಲೆ ಹಸಿರಾಗುತ್ತದೆ. ಆದಕಾರಣ -999 ಇರುವ ಮನೆಯನ್ನು ಖಾಲಿ ಬಿಡಬೇಕು. ಸರಾಸರಿ ತೆಗೆಯುವ ಸೂತ್ರವು ಖಾಲಿ ಮನೆಯನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ.

ಮ್ಯಾಕ್ರೊ ಎಂಬುದು

ಮೇಲಿನ ತಪ್ಪುಗಳಿಗೆಲ್ಲ ಇರುವ ಉಪಾಯ ಒಂದೇ. ಕಡತವನ್ನು ತೆರೆಯುವ ಮೊದಲೇ ಯಾವ ಕಾಲಮ್ಮು ತಾರೀಖು, ಯಾವುದು ಬರಹ, ಯಾವುದು ಸಂಖ್ಯೆ ಎಂದು ಹಾಳೆಗೆ ಹೇಳಿಬಿಡಬೇಕು. ಆದರೆ ಪ್ರತಿ ತಿಂಗಳೂ ಹೀಗೆ ಹೇಳುತ್ತಾ ಕುಳಿತರೆ ಒಂದು ದಿನ ಮರೆಯುವುದು ಸಹಜ. ಸಿಬ್ಬಂದಿ ಬದಲಾದರೆ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಅದಕ್ಕಾಗಿ ಒಮ್ಮೆ ಸರಿಯಾಗಿ ಮಾಡಿ ತೋರಿಸಿದ ಕೆಲಸವನ್ನು ಕಂಪ್ಯೂಟರು ನೆನಪಿಟ್ಟುಕೊಂಡು, ಕೇಳಿದಾಗಲೆಲ್ಲ ಹಾಗೆಯೇ ಮಾಡುವ ವ್ಯವಸ್ಥೆಯೇ ಮ್ಯಾಕ್ರೊ. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಮೊದಲ ಜನಪ್ರಿಯ ಲೆಕ್ಕದ ಹಾಳೆಯ ನಂತರ, 1983ರ ಲೋಟಸ್ 1-2-3ರಲ್ಲಿಯೇ ಒತ್ತಿದ ಕೀಲಿಗಳನ್ನು ಬರೆದಿಟ್ಟು ಮತ್ತೆ ಓಡಿಸುವ ಮ್ಯಾಕ್ರೊಗಳಿದ್ದವು. ಈಗ ಎಕ್ಸೆಲ್‌ನಲ್ಲಿರುವ ಮ್ಯಾಕ್ರೊ ಭಾಷೆ 1993ರಲ್ಲಿ ಬಂದದ್ದು. ಆ ಭಾಷೆಯನ್ನು ಕಲಿಯದವರೂ ಧ್ವನಿ ಮುದ್ರಿಸಿದ ಹಾಗೆ ಮ್ಯಾಕ್ರೊವನ್ನು ಮುದ್ರಿಸಿಕೊಳ್ಳಬಹುದು.

ಮುದ್ರಿಸುವ ಕ್ರಮ

ಮೊದಲು ಒಂದು ಫೋಲ್ಡರು ಮಾಡಿ, ತಿಂಗಳ ಮಳೆ ಕಡತವನ್ನು ನಕಲು ತೆಗೆದು ಅದರಲ್ಲಿಡಬೇಕು. ಮೂಲ ಕಡತವನ್ನು ಬೇರೆ ಕಡೆ ಮುಟ್ಟದೆ ಇಟ್ಟಿರಬೇಕು. ಫೋಲ್ಡರಿಗೂ ನಕಲಿಗೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಹೆಸರಿಡುವುದು ಅಗತ್ಯ. ಎಕ್ಸೆಲ್‌ನ ಮ್ಯಾಕ್ರೊ ಭಾಷೆಯ ಬರೆಯುವ ಕಿಟಕಿಗೆ ಕನ್ನಡ ಲಿಪಿ ಬಾರದು. ಕನ್ನಡದ ಹೆಸರುಗಳು ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಮ್ಯಾಕ್ರೊ ಕಡತವನ್ನು ಹುಡುಕಲಾರದೆ ನಿಂತುಬಿಡುತ್ತದೆ. ಮುದ್ರಿಸಿದ ದಿನ ಏನೂ ತೊಂದರೆ ಕಾಣದೆ, ಮರುದಿನ ಓಡಿಸಿದಾಗ ಕೈಕೊಡುವ ದೋಷವಿದು.

ಅನಂತರ ಎಕ್ಸೆಲ್ ತೆರೆದು, ಫೈಲ್‌ನಲ್ಲಿ ಆಪ್ಷನ್ಸ್, ಅದರಲ್ಲಿ ಡೇಟಾ ಎಂಬಲ್ಲಿಗೆ ಹೋಗಿ, ಲೆಗಸಿ ವಿಜರ್ಡ್ಸ್ ಪಟ್ಟಿಯಲ್ಲಿ ‘ಫ್ರಂ ಟೆಕ್ಸ್ಟ್’ ಎಂಬುದಕ್ಕೆ ಗುರುತು ಹಾಕಬೇಕು. ಇದು ಒಂದು ಸಲ ಮಾಡಿದರೆ ಸಾಕು. ಹೊಸ ಆವೃತ್ತಿಗಳಲ್ಲಿ ಈ ಹಳೆಯ ಸಾಧನವನ್ನು ಬಚ್ಚಿಟ್ಟಿದ್ದಾರೆ. ಆದರೆ ಕಾಲಮ್ಮುಗಳ ಬಗೆಯನ್ನು ಒಂದೊಂದಾಗಿ ಹೇಳಲು ಹೊಸಬರಿಗೆ ಇದೇ ಹೆಚ್ಚು ಸುಲಭ.

ಈಗ ವ್ಯೂ ಎಂಬಲ್ಲಿ ಮ್ಯಾಕ್ರೊಸ್, ಅದರ ಕೆಳಗೆ ರೆಕಾರ್ಡ್ ಮ್ಯಾಕ್ರೊ ಒತ್ತಿ, ಮ್ಯಾಕ್ರೊಗೆ ಒಂದು ಹೆಸರು ಕೊಡಬೇಕು. ಹೆಸರಿನ ನಡುವೆ ಜಾಗ ಬಿಡಬಾರದು. ಇಲ್ಲಿಂದ ಮುಂದೆ ಮಾಡುವುದೆಲ್ಲ ದಾಖಲಾಗುತ್ತದೆ, ಆದ್ದರಿಂದ ನಿಧಾನವಾಗಿ ಮಾಡಬೇಕು. ಮೊಟ್ಟಮೊದಲು ಒಂದು ಹೊಸ ಹಾಳೆಯನ್ನು ಸೇರಿಸಬೇಕು. ಇದನ್ನು ಬಿಟ್ಟರೆ ಮುಂದಿನ ತಿಂಗಳ ಅಂಕಿಗಳು ಹಳೆಯ ಅಂಕಿಗಳನ್ನು ಪಕ್ಕಕ್ಕೆ ತಳ್ಳಿ ಗೊಂದಲ ಮಾಡುತ್ತವೆ. ಬಳಿಕ ಡೇಟಾ, ಗೆಟ್ ಡೇಟಾ, ಲೆಗಸಿ ವಿಜರ್ಡ್ಸ್, ಫ್ರಂ ಟೆಕ್ಸ್ಟ್ ಎಂಬ ದಾರಿಯಲ್ಲಿ ಹೋಗಿ ಕಡತವನ್ನು ಆರಿಸಬೇಕು. ಮೂರು ಹಂತದ ಕಿಟಕಿ ತೆರೆಯುತ್ತದೆ. ಮೊದಲ ಹಂತದಲ್ಲಿ ‘ಡಿಲಿಮಿಟೆಡ್’ ಎಂಬುದನ್ನು, ಕಡತದ ಮೂಲವಾಗಿ 65001 ಯುಟಿಎಫ್-8 ಎಂಬುದನ್ನು ಆರಿಸಬೇಕು. ಕನ್ನಡ ಸರಿಯಾಗಿ ಬರಲು ಈ 65001 ಬೇಕೇ ಬೇಕು. ಎರಡನೆಯ ಹಂತದಲ್ಲಿ ಬದುವಿನ ಗುರುತಾಗಿ ‘ಕಾಮಾ’ ಒಂದಕ್ಕೇ ಗುರುತು ಹಾಕಿ, ಕೆಳಗೆ ಕಾಣುವ ಮಾದರಿಯಲ್ಲಿ ಕಾಲಮ್ಮುಗಳು ಸರಿಯಾಗಿ ಬೇರೆಯಾದವೇ ಎಂದು ನೋಡಬೇಕು.

ಮೂರನೆಯ ಹಂತವೇ ಪಾಠದ ತಿರುಳು. ತಾರೀಖಿನ ಕಾಲಮ್ಮನ್ನು ಒತ್ತಿ ‘ಡೇಟ್’, ‘ಡಿಎಂವೈ’ ಎಂದು ಆರಿಸಬೇಕು. ಅಂದರೆ ದಿನ, ತಿಂಗಳು, ವರ್ಷ. ಕಂಪ್ಯೂಟರು ಯಾವ ದೇಶದ ಪದ್ಧತಿಯಲ್ಲಿದ್ದರೂ ಆಗ ತಾರೀಖು ಕೆಡುವುದಿಲ್ಲ. ಸ್ಥಳ, ಸಂಕೇತ ಇವೆರಡಕ್ಕೂ ‘ಟೆಕ್ಸ್ಟ್’. ಸರ್ವೆ ನಂಬರು, ಖಾತೆ ಸಂಖ್ಯೆಗಳಿರುವ ಪಟ್ಟಿಯಾದರೆ ಅವಕ್ಕೂ ‘ಟೆಕ್ಸ್ಟ್’. ಕೂಡಿ ಕಳೆಯದ ಸಂಖ್ಯೆಗಳೆಲ್ಲವೂ ಬರಹವೇ ಎಂದು ತಿಳಿದರೆ ತಪ್ಪಾಗದು. ಮಳೆಯ ಕಾಲಮ್ಮನ್ನು ಮಾತ್ರ ‘ಜನರಲ್’ ಆಗಿ ಬಿಡಬೇಕು. ಮುಗಿಸಿ, ಅಂಕಿಗಳನ್ನು ಮೊದಲನೆಯ ಮನೆಯಿಂದ ಇಡುವಂತೆ ಹೇಳಬೇಕು.

ಕೊನೆಯದಾಗಿ ಮಳೆಯ ಕಾಲಮ್ಮನ್ನು ಪೂರ್ತಿ ಆರಿಸಿ, ಹುಡುಕಿ-ಬದಲಿಸುವ ಸೌಲಭ್ಯದಿಂದ -999ನ್ನು ಹುಡುಕಿ, ಬದಲಿಯ ಜಾಗದಲ್ಲಿ ಏನನ್ನೂ ಬರೆಯದೆ ಎಲ್ಲವನ್ನೂ ಬದಲಿಸಬೇಕು. ಮನೆಯ ಇಡೀ ಅಂಕಿ ಹೊಂದಿದರೆ ಮಾತ್ರ ಬದಲಿಸುವಂತೆ ಗುರುತು ಹಾಕಿರಬೇಕು. ಇಷ್ಟಾದ ಮೇಲೆ ಮುದ್ರಣ ನಿಲ್ಲಿಸಿ, ಪುಸ್ತಕವನ್ನು ಮ್ಯಾಕ್ರೊ ಸಹಿತವಾದ ಎಕ್ಸ್‌ಎಲ್‌ಎಸ್‌ಎಂ ರೂಪದಲ್ಲಿ ಉಳಿಸಬೇಕು. ಮಾಮೂಲಿ ರೂಪದಲ್ಲಿ ಉಳಿಸಿದರೆ ಮ್ಯಾಕ್ರೊ ಉಳಿಯುವುದಿಲ್ಲ.

ಮುಂದಿನ ತಿಂಗಳು ಹೊಸ ಕಡತದ ನಕಲನ್ನು ಅದೇ ಫೋಲ್ಡರಿನಲ್ಲಿ ಅದೇ ಹೆಸರಿನಲ್ಲಿಟ್ಟು ಮ್ಯಾಕ್ರೊ ಓಡಿಸಿದರೆ ಆಯಿತು. ಮ್ಯಾಕ್ರೊ ಮಾಡಿದ ಕೆಲಸವನ್ನು ‘ಅನ್‌ಡೂ’ ಒತ್ತಿ ಹಿಂದಕ್ಕೆ ತರಲಾಗುವುದಿಲ್ಲ, ಮೂಲ ಕಡತವನ್ನು ಬೇರೆ ಇಡಬೇಕೆಂದದ್ದು ಇದಕ್ಕೇ. ಕಾಲಮ್ಮುಗಳ ಅನುಕ್ರಮ ಬದಲಾದ ಕಡತ ಬಂದರೆ ಮ್ಯಾಕ್ರೊಗೆ ಅದು ತಿಳಿಯುವುದಿಲ್ಲವಾದ್ದರಿಂದ ಮೊದಲ ಸಾಲಿನ ಶೀರ್ಷಿಕೆಗಳನ್ನು ಪ್ರತಿಸಲವೂ ಕಣ್ಣಾರೆ ನೋಡಬೇಕು.

ದುಡ್ಡು ಕೊಟ್ಟು ಎಕ್ಸೆಲ್ ಕೊಳ್ಳದವರು ಉಚಿತವಾದ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸಬಹುದು. ಅದರಲ್ಲಿ ಪಠ್ಯ ಕಡತ ತೆರೆದ ಕೂಡಲೇ ಕಾಲಮ್ಮುಗಳ ಬಗೆಯನ್ನು ಕೇಳುವ ಕಿಟಕಿ ತಾನಾಗಿಯೇ ಬರುತ್ತದೆ. ಈ ಒಂದು ವಿಷಯದಲ್ಲಿ ಅದು ಎಕ್ಸೆಲ್‌ಗಿಂತ ಮೇಲು. ಅದರ ಮ್ಯಾಕ್ರೊದಲ್ಲಿ ಕಡತದ ವಿವರವನ್ನು 44,34,76 ಎಂಬ ಸಂಖ್ಯೆಗಳಿಂದ ಹೇಳಲಾಗುತ್ತದೆ: 44 ಅಲ್ಪವಿರಾಮ, 34 ಜೋಡಿ ಉದ್ಧರಣ ಚಿಹ್ನೆ, 76 ಯುಟಿಎಫ್-8.

ಹದಿನೈದು ನಿಮಿಷದ ಅಂಕಿಗಳು

ದಿನದ ಮೊತ್ತದ ಬದಲು 15 ನಿಮಿಷದ ಅಂಕಿಗಳೇ ಕೈಗೆ ಬಂದರೆ ಎರಡು ವಿಷಯಗಳನ್ನು ನೆನಪಿಡಬೇಕು. ಒಂದು ಯಂತ್ರದಿಂದ ದಿನಕ್ಕೆ 96 ಸಾಲು, ವರ್ಷಕ್ಕೆ 35,040 ಸಾಲುಗಳಾಗುತ್ತವೆ. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ರೂಪದ ಹಾಳೆಯಲ್ಲಿ 65,536 ಸಾಲುಗಳು ಮಾತ್ರ ಹಿಡಿಯುತ್ತವೆ. ಎರಡು ಯಂತ್ರಗಳ ಒಂದು ವರ್ಷದ ಲೆಕ್ಕವೂ ಅದರಲ್ಲಿ ಹಿಡಿಯದು, ಮಿಕ್ಕ ಸಾಲುಗಳು ಬಿಟ್ಟುಹೋಗುತ್ತವೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ರೋಗಿಗಳ ವಿವರ ಲೆಕ್ಕದಿಂದ ತಪ್ಪಿಹೋದದ್ದು, ಸಿಎಸ್‌ವಿ ಕಡತಗಳನ್ನು ಈ ಹಳೆಯ ರೂಪದ ಹಾಳೆಗಳಿಗೆ ತುಂಬಿದ್ದರಿಂದಲೇ. ಹೊಸ ರೂಪದಲ್ಲಿ 10,48,576 ಸಾಲುಗಳಿವೆ.

ಎರಡನೆಯದು ದಿನದ ಎಲ್ಲೆ. ಮಳೆಯ ದಿನ ಮಧ್ಯರಾತ್ರಿಗೆ ಬದಲಾಗದೆ ಬೆಳಿಗ್ಗೆ 8-30ಕ್ಕೆ ಬದಲಾಗುತ್ತದೆ. ಜುಲೈ 5ರ ರಾತ್ರಿ ಒಂಬತ್ತಕ್ಕೆ ಬಿದ್ದ ಮಳೆ ಜುಲೈ 6ರ ಲೆಕ್ಕಕ್ಕೆ ಬರಬೇಕು. ಹಾಳೆಯಲ್ಲಿ ವೇಳೆಗೆ 15 ಗಂಟೆ 29 ನಿಮಿಷ ಕೂಡಿಸಿ, ಬಂದದ್ದರಲ್ಲಿ ತಾರೀಖಿನ ಭಾಗವನ್ನು ಮಾತ್ರ ಉಳಿಸಿಕೊಂಡರೆ ಸರಿಯಾದ ಮಳೆ ದಿನ ಸಿಗುತ್ತದೆ. ಎಂಟೂವರೆಯ ಅಂಕಿ ಅದೇ ದಿನಕ್ಕೂ ಎಂಟೂಮುಕ್ಕಾಲಿನದು ಮರುದಿನಕ್ಕೂ ಹೋಗುತ್ತದೆ. ಒಂದು ನಿಮಿಷ ಕಡಿಮೆ ಇಟ್ಟಿರುವುದು ಈ ಎಲ್ಲೆಗಾಗಿಯೇ.

ದಿನಗಳ ಮೊತ್ತ ಸಿದ್ಧವಾದರೆ ಅದನ್ನು ತಿಂಗಳಿಗಿಂತ ಮಳೆ ನಕ್ಷತ್ರಗಳ ಪ್ರಕಾರ ಕೂಡಿಸಿ ತೋರಿಸುವುದು ಒಳ್ಳೆಯದು. ಮೃಗಶಿರ ಜೂನ್ 8, ಆರಿದ್ರ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಹೀಗೆ ಪ್ರಾರಂಭದ ತಾರೀಖುಗಳನ್ನು ಪಂಚಾಂಗ ನೋಡಿ ಪಕ್ಕದ ಹಾಳೆಯಲ್ಲಿ ಬರೆದುಕೊಂಡರೆ, ‘ಲುಕಪ್’ ಸೂತ್ರ ಪ್ರತಿ ದಿನಕ್ಕೂ ಅದರ ನಕ್ಷತ್ರವನ್ನು ಹೊಂದಿಸುತ್ತದೆ. ರೈತರು ಮಳೆಯನ್ನು ನೆನಪಿಟ್ಟುಕೊಳ್ಳುವುದು ಈ ಹೆಸರುಗಳಿಂದ. ಪಟ್ಟಿಯಲ್ಲಿ ತಪ್ಪಿದ್ದರೆ ಸಭೆಯಲ್ಲಿ ಅವರೇ ಹಿಡಿದು ಹೇಳುತ್ತಾರೆ.

ತಾಳೆ ಮತ್ತು ಎಚ್ಚರಿಕೆ

ಮ್ಯಾಕ್ರೊ ಓಡಿದ ಮೇಲೆ ಪಠ್ಯ ಕಡತದ ಸಾಲುಗಳೂ ಹಾಳೆಯ ಸಾಲುಗಳೂ ಸಮವಿದೆಯೇ ಎಂದು ಎಣಿಸಬೇಕು. ಮಳೆಯ ಕಾಲಮ್ಮಿಗೆ ‘ಕೌಂಟ್’ ಸೂತ್ರ ಹಾಕಿದರೆ ಸಂಖ್ಯೆಗಳಿರುವ ಮನೆಗಳನ್ನು ಮಾತ್ರ ಅದು ಎಣಿಸುತ್ತದೆ. ಜೂನ್ ತಿಂಗಳಿಗೆ 30ರ ಬದಲು 28 ಬಂದರೆ ಎರಡು ದಿನದ ಲೆಕ್ಕ ಇಲ್ಲವೆಂದರ್ಥ. ಮೊತ್ತದ ಪಕ್ಕದಲ್ಲಿ ‘28 ದಿನಗಳದು’ ಎಂದು ಬರೆದೇ ಪಟ್ಟಿಯನ್ನು ಹೊರಗೆ ಕೊಡಬೇಕು. ಮೂರು ನಾಲ್ಕು ದಿನಗಳ ಅಂಕಿಯನ್ನು ಮೂಲದೊಡನೆ ಹೋಲಿಸುವಾಗ 12ನೇ ತಾರೀಖಿನ ಒಳಗಿನದೊಂದು, ಹೊರಗಿನದೊಂದು ಇರುವಂತೆ ನೋಡಿಕೊಳ್ಳಬೇಕು.

ಪರಿಚಯವಿಲ್ಲದವರು ವಾಟ್ಸಾಪಿನಲ್ಲೋ ಈಮೇಲಿನಲ್ಲೋ ಕಳಿಸಿದ ಮ್ಯಾಕ್ರೊ ಪುಸ್ತಕಗಳನ್ನು ಓಡಿಸಬಾರದು. ಮಳೆ ಲೆಕ್ಕ ಮಾಡುವ ಮ್ಯಾಕ್ರೊ ಕಡತಗಳನ್ನು ಅಳಿಸುವ ಕೆಲಸವನ್ನೂ ಮಾಡಬಲ್ಲದು. ಈ ಕಾರಣದಿಂದಲೇ 2022ರಿಂದ ಎಕ್ಸೆಲ್ ಅಂತರಜಾಲದಿಂದ ಬಂದ ಪುಸ್ತಕಗಳ ಮ್ಯಾಕ್ರೊಗಳನ್ನು ತಡೆಹಿಡಿಯುತ್ತಿದೆ. ಸ್ವಂತವಾಗಿ ಮುದ್ರಿಸಿಕೊಂಡದ್ದಕ್ಕೆ ಈ ಭಯವಿಲ್ಲ.

ಈಗಾಗಲೇ ಕೆಟ್ಟಿರುವ ಪಟ್ಟಿಗಳ ವಿಚಾರ ಒಂದು ಉಳಿಯಿತು. ಅದಲುಬದಲಾದ ಮಳೆ ತಾರೀಖುಗಳನ್ನು, ಮೂಲ ಪಠ್ಯ ಕಡತ ಉಳಿದಿದ್ದರೆ, ಮ್ಯಾಕ್ರೊ ಮೂಲಕ ಮತ್ತೆ ತಂದುಕೊಂಡರೆ ಸಾಕು. ತಾರೀಖಾದ ಸರ್ವೆ ನಂಬರುಗಳಿಗೆ ಅಷ್ಟು ಸುಲಭದ ದಾರಿಯಿಲ್ಲ. 12ನೇ ಮಾರ್ಚ್ ಎಂದಿರುವುದನ್ನು 12/3 ಎಂದು ಊಹಿಸಿ ತಿದ್ದಬಹುದೆಂದು ತೋರುತ್ತದೆ. ಆದರೆ ಪಟ್ಟಿ ಎರಡು ಕಂಪ್ಯೂಟರುಗಳನ್ನು ದಾಟಿ ಬಂದಿದ್ದರೆ ಅದು 3/12 ಕೂಡ ಆಗಿದ್ದಿರಬಹುದು, ಮತ್ತು ಆ ನಂಬರಿನಲ್ಲಿ ಬೇರೊಬ್ಬರ ಜಮೀನು ಇರಬಹುದು. ಅಂತಹ ಸಾಲುಗಳನ್ನು ಕಾಗದದ ಮೇಲೆ ಬರೆದುಕೊಂಡು, ಒಂದೊಂದನ್ನೂ ಆಯಾ ರೈತರ ಪಹಣಿಯೊಡನೆ ತಾಳೆ ನೋಡಿ, ಕಾಲಮ್ಮನ್ನು ಮೊದಲು ‘ಟೆಕ್ಸ್ಟ್’ ಮಾಡಿಕೊಂಡು ಕೈಯಿಂದಲೇ ತುಂಬಬೇಕು.